ಸಮ್ಮತಿಯ ತಿಳಿವಳಿಕೆ ಶಾಲೆಯಲ್ಲೇ ಸಿಗಲಿ: ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಬೆಂಗಳೂರು

ಇವರಿಂದ,
ಪ್ರೌಢಶಾಲಾ ಶಿಕ್ಷಕರು, ಪದವಿಪೂರ್ವ ಕಾಲೇಜು ಉಪನ್ಯಾಸಕರು ಹಾಗೂ ಪೋಷಕರು

ವಿಷಯ: ಶಾಲಾ ಕಾಲೇಜುಗಳಲ್ಲಿ ಸಮ್ಮತಿಯನ್ನು ಒಳಗೊಂಡ ಲೈಂಗಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಕುರಿತು

ಮಾನ್ಯರೇ,

ಹತ್ತನೇ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಅಂಗಗಳ ಹೆಸರು, ಕೆಲಸವನ್ನು ಮಕ್ಕಳು ಅಲ್ಲಿ ಕಲಿಯುತ್ತಾರೆ. ಎದುರಿನವರು ಬೇಡವೆಂದ ಕೂಡಲೇ ನಿಲ್ಲಬೇಕೆಂಬುದನ್ನು ಕಲಿಯಲು ಆ ಪಾಠ ಸಾಲದು. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಓಡಾಡುತ್ತಿದೆ. ಕಾನೂನು ಹೇಳುವುದೇ ಬೇರೆ. ಮಾತು, ಸನ್ನೆ ಅಥವಾ ಬೇರಾವುದೇ ರೀತಿಯಲ್ಲಿ ಸ್ಪಷ್ಟವಾಗಿ, ಸ್ವಇಚ್ಛೆಯಿಂದ ತಿಳಿಸಿದ ಒಪ್ಪಿಗೆಯೇ ಸಮ್ಮತಿ ಎಂದು ಅತ್ಯಾಚಾರ ಕಾನೂನಿಗೆ ತಂದ 2013ರ ತಿದ್ದುಪಡಿ ವಿವರಿಸಿತು. ಪ್ರತಿರೋಧಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಹೆಣ್ಣು ಒಪ್ಪಿದ್ದಾಳೆಂದು ಭಾವಿಸುವಂತಿಲ್ಲ. ಈಗಿನ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮೂ ಇದನ್ನೇ ಹೇಳುತ್ತದೆ.

2012ರ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ ಪ್ರಕಾರ 18 ತುಂಬದವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಹಾಗೆಂದು ಸಮ್ಮತಿಯ ಪಾಠವನ್ನು 18ರ ನಂತರಕ್ಕೆ ಮುಂದೂಡಲಾಗದು. ಇನ್ನೊಬ್ಬರ ಮೈ, ಮನಸ್ಸನ್ನು ಗೌರವಿಸುವ ಗುಣ ಅದಕ್ಕೂ ಮೊದಲೇ ಬೆಳೆಯಬೇಕು. ‘ಕೇಸಾಗುತ್ತದೆ’ ಎಂದು ಹೆದರಿಸುವುದರಿಂದ ಆ ಗುಣ ಬರುವುದಿಲ್ಲ.

ಪರಸ್ಪರ ಒಲವಿನಿಂದ ಮನೆ ಬಿಟ್ಟ ಹದಿಹರೆಯದವರು ಪೋಕ್ಸೊ ಪ್ರಕರಣಗಳಲ್ಲಿ ಸಿಲುಕುತ್ತಿರುವುದನ್ನು ಗಮನಿಸಿದ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವು 2022ರ ನವೆಂಬರ್‌ನಲ್ಲಿ, ಒಂಬತ್ತನೇ ತರಗತಿಯಿಂದಲೇ ಈ ಕಾನೂನಿನ ಅರಿವು ಮೂಡಿಸುವ ವ್ಯವಸ್ಥೆಯಾಗಬೇಕೆಂದು ಸೂಚಿಸಿತು. 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಸಮಗ್ರ ಲೈಂಗಿಕ ಶಿಕ್ಷಣದ ಅಗತ್ಯವನ್ನು ಒತ್ತಿ ಹೇಳಿತು.

ಇಂಥ ಶಿಕ್ಷಣದಿಂದ ಮಕ್ಕಳು ಹಾದಿ ತಪ್ಪುತ್ತಾರೆಂಬ ಆತಂಕ ಹಲವು ಪೋಷಕರಲ್ಲಿದೆ. 2007ರಲ್ಲಿ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮಕ್ಕೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ತಡೆ ಹಾಕಿದ್ದವು. ಆದರೆ ಅನೇಕ ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿದ ಯುನೆಸ್ಕೊ, ಲೈಂಗಿಕ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲವೆಂದು 2018ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಐದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವಯಸ್ಸಿಗೆ ತಕ್ಕ ಪಾಠಗಳಿರಲಿ. ಕಿರಿಯರಿಗೆ ದೇಹದ ಸುರಕ್ಷತೆ. ಹಿರಿಯರಿಗೆ ಸಮ್ಮತಿ, ಒತ್ತಾಯ, ಮೊಬೈಲಿನಲ್ಲಿ ಖಾಸಗಿ ಚಿತ್ರ ಕೇಳುವ, ಹಂಚುವ ಅಪಾಯ ತಿಳಿಯಲಿ.

2. ‘ಬೇಡ’ ಎನ್ನುವುದನ್ನು ಹುಡುಗಿಯರಿಗೆ ಮಾತ್ರ ಕಲಿಸದೆ, ಅದನ್ನು ಕೇಳಿ ಗೌರವಿಸುವುದನ್ನು ಹುಡುಗರಿಗೂ ಕಲಿಸಬೇಕು. ಹುಡುಗರ ಮೇಲೂ ದೌರ್ಜನ್ಯ ನಡೆಯುತ್ತದೆ, ಪೋಕ್ಸೊ ಅವರನ್ನೂ ರಕ್ಷಿಸುತ್ತದೆ ಎಂಬುದು ಪಾಠದಲ್ಲಿರಲಿ.

3. ವರ್ಷಕ್ಕೊಂದು ಉಪನ್ಯಾಸದಿಂದ ಪ್ರಯೋಜನವಿಲ್ಲ. ಡಯಟ್‌ಗಳ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ) ಮೂಲಕ ಶಿಕ್ಷಕರಿಗೆ ತರಬೇತಿ ನೀಡಿ, ವೇಳಾಪಟ್ಟಿಯಲ್ಲಿ ಪೀರಿಯಡ್ ಮೀಸಲಿಡಬೇಕು. ಹೆಸರು ಬರೆಯದೆ ಪ್ರಶ್ನೆ ಹಾಕಲು ಪ್ರತಿ ಶಾಲೆಯಲ್ಲೂ ಪೆಟ್ಟಿಗೆ ಇರಲಿ.

4. ದೌರ್ಜನ್ಯದ ಮಾಹಿತಿ ತಿಳಿದವರು ಪೊಲೀಸರಿಗೆ ವರದಿ ಮಾಡುವುದು ಪೋಕ್ಸೊ 19ನೇ ಕಲಮಿನನ್ವಯ ಕಡ್ಡಾಯ. ಶಿಕ್ಷಕರಿಗೂ ಇದು ಅನ್ವಯಿಸುತ್ತದೆಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕು. ನಂಬಿ ಹೇಳಿಕೊಂಡ ಮಗುವಿಗೆ ಮೋಸಹೋದೆನೆಂಬ ಭಾವನೆ ಬರಬಾರದು. 1098 ಸಹಾಯವಾಣಿಯ ಮಾಹಿತಿ ಎಲ್ಲೆಡೆ ಕಾಣುವಂತಿರಲಿ.

5. ಪಾಠದ ಸಾಮಗ್ರಿಯನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗಳಲ್ಲಿ ಪೋಷಕರಿಗೆ ಮೊದಲು ತೋರಿಸಿ, ಅವರ ಪ್ರಶ್ನೆಗಳಿಗೆ ಉತ್ತರಿಸಬೇಕು. ಮಕ್ಕಳ ಗ್ರಾಮಸಭೆಗಳಲ್ಲಿಯೂ ಇದು ಚರ್ಚೆಯಾಗಲಿ.

6. ಸರ್ಕಾರಿ ವಿದ್ಯಾರ್ಥಿನಿಲಯದ ಮಕ್ಕಳು, ಶಾಲೆ ಬಿಟ್ಟ ಮಕ್ಕಳು, ಅಂಗವಿಕಲ ಮಕ್ಕಳು ಹೊರಗುಳಿಯಬಾರದು. ಬ್ರೈಲ್ ಮತ್ತು ಸಂಜ್ಞಾ ಭಾಷೆಯಲ್ಲಿಯೂ ಪಾಠ ಸಿದ್ಧವಾಗಬೇಕು.

ಪೋಕ್ಸೊ ಕಾಯ್ದೆಯ 44ನೇ ಕಲಮು ಅದರ ಅನುಷ್ಠಾನದ ಮೇಲ್ವಿಚಾರಣೆಯನ್ನು ತಮ್ಮ ಆಯೋಗಕ್ಕೆ ವಹಿಸಿದೆ. ಹೈಕೋರ್ಟ್ ಸೂಚನೆಯ ಪಾಲನೆ ಎಲ್ಲಿಗೆ ಬಂದಿದೆ ಎಂಬ ಬಗ್ಗೆ ಶಿಕ್ಷಣ ಇಲಾಖೆಯಿಂದ ವರದಿ ತರಿಸಿಕೊಂಡು ಸಾರ್ವಜನಿಕವಾಗಿ ಪ್ರಕಟಿಸಬೇಕೆಂದೂ, ಮುಂದಿನ ಶೈಕ್ಷಣಿಕ ವರ್ಷಕ್ಕೆ ಮೊದಲೇ ಮೇಲಿನ ಬೇಡಿಕೆಗಳ ಬಗ್ಗೆ ಸರ್ಕಾರಕ್ಕೆ ಶಿಫಾರಸು ಮಾಡಬೇಕೆಂದೂ ವಿನಂತಿಸುತ್ತೇವೆ. ನಮ್ಮ ಮಕ್ಕಳು ಈ ಕಾನೂನಿನ ಬಗ್ಗೆ ಮೊದಲ ಬಾರಿಗೆ ಕೇಳುವುದು ತರಗತಿಯಲ್ಲಾಗಲಿ, ಪೊಲೀಸ್ ಠಾಣೆಯಲ್ಲಿ ಬೇಡ.



ತಮ್ಮ ವಿಶ್ವಾಸಿಗಳು
(ಸಹಿ ಮಾಡಿದ ಶಿಕ್ಷಕರು, ಉಪನ್ಯಾಸಕರು ಮತ್ತು ಪೋಷಕರು)