ಅತಿಥಿ ಉಪನ್ಯಾಸಕರ ಗೌರವಧನ: ಒಪ್ಪಿ ಪಡೆದ ಸಂಬಳ ಶೋಷಣೆಯೇ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ಭಾರ ಹೊತ್ತವರಲ್ಲಿ ದೊಡ್ಡ ಪಾಲು ಅತಿಥಿ ಉಪನ್ಯಾಸಕರದು. ರಾಜ್ಯದಲ್ಲಿ ಇವರ ಸಂಖ್ಯೆ 10 ಸಾವಿರ ದಾಟುತ್ತದೆ. ಎಲ್ಲರೂ ಸ್ನಾತಕೋತ್ತರ ಪದವೀಧರರು. ನೆಟ್ ಅಥವಾ ಕೆ-ಸೆಟ್ ಪಾಸಾದವರೂ ಪಿಎಚ್‌.ಡಿ. ಮುಗಿಸಿದವರೂ ಸಾಕಷ್ಟು ಇದ್ದಾರೆ. ನೇಮಕ ಒಂದು ಶೈಕ್ಷಣಿಕ ವರ್ಷಕ್ಕೆ ಮಾತ್ರ. ಪ್ರತಿ ವರ್ಷ ಆನ್‌ಲೈನ್‌ನಲ್ಲಿ ಹೊಸದಾಗಿ ಅರ್ಜಿ ಹಾಕಬೇಕು, ಅಂಕ, ಅರ್ಹತೆ, ಸೇವೆಯ ವರ್ಷಗಳ ಲೆಕ್ಕದಲ್ಲಿ ಪಟ್ಟಿ ತಯಾರಾಗಬೇಕು, ಕೌನ್ಸೆಲಿಂಗ್‌ನಲ್ಲಿ ಕಾಲೇಜು ಆರಿಸಿಕೊಳ್ಳಬೇಕು. ಕೈಗೆ ಬರುವ ಹಣಕ್ಕೆ ಸಂಬಳ ಎಂಬ ಹೆಸರಿಲ್ಲ, ಅದು ಗೌರವಧನ. ತಿಥಿ ಗೊತ್ತುಮಾಡದೆ ಬಂದವನು ಅತಿಥಿ ಎಂಬುದು ಹಳೆಯ ಅರ್ಥ. ಈ ಕಾಲೇಜುಗಳ ಅತಿಥಿಗಳಲ್ಲಿ ಹತ್ತು ಹದಿನೈದು ವರ್ಷದಿಂದ ಅದೇ ಸ್ಟಾಫ್ ರೂಮಿನಲ್ಲಿ ಕುಳಿತವರಿದ್ದಾರೆ.

ಹೀಗೆ ಓದಿದವರು ಇಂಥ ಕೆಲಸ ಒಪ್ಪಿಕೊಳ್ಳುವುದಕ್ಕೆ ಕಾರಣ ಬೇರೆ ಕೆಲಸ ಇಲ್ಲದಿರುವುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯ ಪ್ರಕಾರ 2022ರಲ್ಲಿ ದೇಶದ ಯುವ ಪದವೀಧರರಲ್ಲಿ ಶೇ 29.1ರಷ್ಟು ಮಂದಿ ನಿರುದ್ಯೋಗಿಗಳು. ಓದು ಬರಹ ಬಾರದ ಯುವಜನರಲ್ಲಿ ಈ ಪ್ರಮಾಣ ಶೇ 3.4. ಹೆಚ್ಚು ಓದಿದಷ್ಟೂ ಕಾಯುವುದು ಹೆಚ್ಚು.

ಕೆಲಸ ಸಿಗದ ಕಾಲವನ್ನು ನೋಡಿಕೊಂಡು ನುರಿತವರನ್ನು ಕಡಿಮೆ ಹಣಕ್ಕೆ ದುಡಿಸಿಕೊಳ್ಳುವುದು ಶೋಷಣೆಯೇ, ಅಥವಾ ಇಬ್ಬರೂ ಒಪ್ಪಿ ಮಾಡಿಕೊಂಡ ವ್ಯವಹಾರವೇ ಎಂಬುದು ಪ್ರಶ್ನೆ. ಅತಿಥಿ ಉಪನ್ಯಾಸಕರ ವಿಚಾರದಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಇಲ್ಲಿ ಮಾಲೀಕ ಯಾವನೋ ಸಾಹುಕಾರನಲ್ಲ, ಸರ್ಕಾರ.

ಪರ: ಇದು ಶೋಷಣೆಯೇ

ಶೋಷಣೆ ಎನ್ನುವವರು ಮೊದಲು ಲೆಕ್ಕದ ಪುಸ್ತಕ ಬಿಚ್ಚುತ್ತಾರೆ. 2022ರ ಜನವರಿಗೆ ಮೊದಲು, ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕೇಳುವ ನೆಟ್, ಕೆ-ಸೆಟ್ ಅಥವಾ ಪಿಎಚ್‌.ಡಿ. ಅರ್ಹತೆ ಇದ್ದ ಅತಿಥಿ ಉಪನ್ಯಾಸಕರಿಗೆ ತಿಂಗಳಿಗೆ 13,000 ರೂಪಾಯಿ, ಇಲ್ಲದವರಿಗೆ 11,000. 2021ರ ಡಿಸೆಂಬರ್‌ನಲ್ಲಿ ರಾಜ್ಯದಾದ್ಯಂತ ತರಗತಿ ಬಹಿಷ್ಕಾರ ನಡೆದ ಮೇಲೆ ಸರ್ಕಾರ ಮಣಿದು, ಅರ್ಹತೆ ಮತ್ತು ಸೇವೆಗೆ ತಕ್ಕಂತೆ 26,000ದಿಂದ 32,000 ರೂಪಾಯಿವರೆಗೆ ನಾಲ್ಕು ದರ ಗೊತ್ತುಮಾಡಿತು. ಎರಡೂವರೆ ಪಟ್ಟು ಏರಿಕೆ ಎಂದು ಸುದ್ದಿಯಾಯಿತು. ಅದೇ ಆದೇಶದಲ್ಲಿ ವಾರದ ಕಾರ್ಯಭಾರವೂ ಎಂಟು ಹತ್ತು ಗಂಟೆಯಿಂದ 15 ಗಂಟೆಗೆ ಏರಿತು. ಹಿಂದೆ ವಾರಕ್ಕೆ ಹತ್ತು ಗಂಟೆ ಪಾಠ ಮಾಡಿ 13,000 ಪಡೆಯುತ್ತಿದ್ದವರಿಗೆ ಗಂಟೆಗೆ ಬೀಳುತ್ತಿದ್ದುದು 325 ರೂಪಾಯಿ. ಎಂಟು ಗಂಟೆಯವರಿಗೆ 406. ಹೊಸ ದರದಲ್ಲಿ ತಿಂಗಳಿಗೆ 60 ಗಂಟೆ ಪಾಠ ಮಾಡಿ 30,000 ಪಡೆದರೆ ಗಂಟೆಗೆ 500. ತಿಂಗಳ ಮೊತ್ತ ನೋಡಿದವರಿಗೆ ಕಾಣುವ ಏರಿಕೆ ಗಂಟೆಯ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚೇ ಕರಗುತ್ತದೆ. ಪಾಠಕ್ಕೆ ತಯಾರಾಗುವ ಹೊತ್ತು, ಉತ್ತರ ಪತ್ರಿಕೆ ನೋಡುವ ಹೊತ್ತು ಈ ಲೆಕ್ಕದಲ್ಲಿ ಸೇರಿಲ್ಲ. ಹಾಸನದಿಂದ ಬೆಳಿಗ್ಗೆ ಬಸ್ಸು ಹತ್ತಿ ಅರಕಲಗೂಡಿಗೋ ಚನ್ನರಾಯಪಟ್ಟಣಕ್ಕೋ ಹೋಗಿಬರುವ ಖರ್ಚಂತೂ ಸೇರಿಲ್ಲ.

ವರ್ಷದ ಲೆಕ್ಕ ಇನ್ನಷ್ಟು ಬಿಗಿ. ಗೌರವಧನ ಪಾಠ ನಡೆಯುವ ತಿಂಗಳುಗಳಿಗೆ ಮಾತ್ರ. 2022ರ ದರದಲ್ಲಿ ಹತ್ತು ತಿಂಗಳಿಗೆ 30,000ದಂತೆ ಬಂದ 3 ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 25,000. ರಜೆಯಲ್ಲಿ ಕಾಲೇಜಿಗೆ ಬೀಗ ಬಿದ್ದರೂ ಬಾಡಿಗೆ ಮನೆಗೆ ಬೀಗ ಬೀಳುವುದಿಲ್ಲ.

ಪಕ್ಕದ ಕೊಠಡಿಯಲ್ಲಿ ಅದೇ ಪಠ್ಯವನ್ನು ಅದೇ ಮಕ್ಕಳಿಗೆ ಕಲಿಸುವ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಏಳನೇ ವೇತನ ಆಯೋಗದ ಯುಜಿಸಿ ಶ್ರೇಣಿಯಲ್ಲಿ ಆರಂಭದ ಮೂಲವೇತನವೇ 57,700 ರೂಪಾಯಿ, ಭತ್ಯೆಗಳು ಬೇರೆ. ಅವರ ಕಾರ್ಯಭಾರ ಎಷ್ಟು? ಯುಜಿಸಿಯ 2018ರ ನಿಯಮದ ಪ್ರಕಾರ ವಾರಕ್ಕೆ 16 ಗಂಟೆ ಪಾಠ. ಅತಿಥಿಗೆ 15. ಒಂದು ಗಂಟೆ ಕಡಿಮೆ ಮಾಡಿ ‘ಅರೆಕಾಲಿಕ’ ಎನ್ನುವ ಈ ಜಾಣತನವೇ ಪರ ವಾದಿಗಳ ಕೈಯಲ್ಲಿರುವ ದೊಡ್ಡ ಸಾಕ್ಷಿ. ಅತಿಥಿ ಬೋಧಕರಿಗೆ ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಎಂದು ಯುಜಿಸಿಯೇ 2019ರ ಜನವರಿಯಲ್ಲಿ ಹೇಳಿತ್ತು. 2023ರ ನವೆಂಬರ್‌ನಲ್ಲಿ ಮತ್ತೆ ಮುಷ್ಕರ ನಡೆದ ಮೇಲೆ ಸರ್ಕಾರ ಸೇವಾವಧಿ ನೋಡಿ 5,000ದಿಂದ 8,000 ರೂಪಾಯಿವರೆಗೆ ಏರಿಸಿತು. ಆದರೂ 15 ವರ್ಷ ಸವೆಸಿದ ಅರ್ಹರಿಗೂ 40,000ದ ಗೆರೆ ದಾಟಲಿಲ್ಲ.

‘ಒಪ್ಪಿಯೇ ಬಂದಿದ್ದಾರಲ್ಲ’ ಎಂಬ ಮಾತಿಗೆ ಪರ ಪಕ್ಷದ ಉತ್ತರ ನ್ಯಾಯಾಲಯದಿಂದ ಬರುತ್ತದೆ. ದೆಹಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ ಒಂದು ಮಾತು ಸ್ಪಷ್ಟಪಡಿಸಿತು. ಬಲವಂತ ಎಂದರೆ ಬೆತ್ತ ಹಿಡಿದು ದುಡಿಸುವುದಷ್ಟೇ ಅಲ್ಲ. ಹಸಿವು, ಬಡತನ ಹುಟ್ಟಿಸುವ ಒತ್ತಾಯವೂ ಬಲವಂತವೇ. ಮಾತುಕತೆಗೆ ಕುಳಿತ ಇಬ್ಬರಲ್ಲಿ ಒಬ್ಬನಿಗೆ ‘ಇಲ್ಲ’ ಎನ್ನುವ ಶಕ್ತಿಯೇ ಇಲ್ಲದಿದ್ದರೆ ಆ ಕರಾರಿನ ಅನ್ಯಾಯದ ಷರತ್ತು ನಿಲ್ಲದು ಎಂದು ಅದೇ ಕೋರ್ಟ್ 1986ರಲ್ಲಿ, ಬ್ರೋಜೋನಾಥ್ ಗಂಗೂಲಿ ಪ್ರಕರಣದಲ್ಲಿ ಹೇಳಿತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಮೊಕದ್ದಮೆಯಲ್ಲಿ ಅದೇ ಕೋರ್ಟಿನ ತೀರ್ಪು ಬಂತು. ತಿಂಗಳಿಗೆ 30,000 ರೂಪಾಯಿಗೆ ದುಡಿಯುತ್ತಿದ್ದವರಿಗೆ ಆ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಮೊತ್ತ ಕೊಡಬೇಕು ಎಂದು ಕೋರ್ಟ್ ಆದೇಶಿಸಿತು.

ಇದರ ಹಿಂದಿನ ಅರ್ಥಶಾಸ್ತ್ರವೂ ಸರಳ. ಮಾರುವವರು ನೂರು ಮಂದಿ, ಕೊಳ್ಳುವವನು ಒಬ್ಬನೇ ಆದಾಗ ದರ ಹೇಳುವವನು ಕೊಳ್ಳುವವನು. 1933ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ಇದಕ್ಕೆ ಮೊನಾಪ್ಸನಿ ಎಂಬ ಹೆಸರನ್ನು ಬಳಕೆಗೆ ತಂದು, ಅಲ್ಲಿ ದುಡಿಮೆಗೆ ಸಿಗುವ ಹಣ ಅದರ ಬೆಲೆಗಿಂತ ಕೆಳಗೇ ನಿಲ್ಲುತ್ತದೆ ಎಂದು ತೋರಿಸಿದರು. ಹೊಳೆನರಸೀಪುರದಲ್ಲಿ ಮನೆ, ಮಕ್ಕಳ ಶಾಲೆ, ವಯಸ್ಸಾದ ಅತ್ತೆ ಮಾವ ಇರುವ ಕನ್ನಡ ಎಂ.ಎ. ಉಪನ್ಯಾಸಕಿಗೆ ದಿನಾ ಹೋಗಿಬರುವಷ್ಟು ದೂರದಲ್ಲಿ ಎಷ್ಟು ಕಾಲೇಜುಗಳಿವೆ? ಖಾಸಗಿಯವರು ಕೊಡುವುದು ಬಹಳ ಕಡೆ ಇದಕ್ಕಿಂತಲೂ ಕಡಿಮೆ. ಕೆಲವು ಖಾಸಗಿ ಸಂಸ್ಥೆಗಳು ಮೂಲ ಅಂಕಪಟ್ಟಿಯನ್ನೇ ಬೀರುವಿನಲ್ಲಿಟ್ಟುಕೊಂಡು, ನಡುವೆ ಬಿಟ್ಟುಹೋಗದಂತೆ ಕಟ್ಟಿಹಾಕುತ್ತವೆ.

ವಿರೋಧ: ಇದು ಶೋಷಣೆಯಲ್ಲ

ವಿರೋಧ ಪಕ್ಷದವರು ಕೇಳುವುದು ಒಂದು ನೇರ ಪ್ರಶ್ನೆ: ದರ ಬೀಳುವುದಕ್ಕೂ ದೋಚುವುದಕ್ಕೂ ವ್ಯತ್ಯಾಸವಿಲ್ಲವೇ? ಹಾಸನದ ರೈತ ಪಂಜಾಬಿನ ಜಲಂಧರದಿಂದ ಬಂದ ಬಿತ್ತನೆ ಆಲೂಗಡ್ಡೆಯನ್ನು ಮೇ ತಿಂಗಳಲ್ಲಿ ಕೊಂಡು ಬಿತ್ತುತ್ತಾನೆ. ಎಲ್ಲರ ಗಡ್ಡೆಯೂ ಒಟ್ಟಿಗೆ ಮಾರುಕಟ್ಟೆಗೆ ಬಂದರೆ ದರ ಕುಸಿಯುತ್ತದೆ. ಅದು ಬೇಡಿಕೆ ಪೂರೈಕೆಯ ಆಟ, ಯಾರ ಪಿತೂರಿಯೂ ಅಲ್ಲ. (ರೈತರು ಇದನ್ನು ಒಪ್ಪುವುದಿಲ್ಲ, ಅದು ಬೇರೆ ಮಾತು.) ಕಾಲೇಜುಗಳಿಗೆ ಬೇಕಾದದ್ದಕ್ಕಿಂತ ಹೆಚ್ಚು ಎಂ.ಎ., ಎಂ.ಕಾಂ. ಪದವೀಧರರು ಪ್ರತಿ ವರ್ಷ ಹೊರಬರುತ್ತಿರುವಾಗ ದರ ಏರುವುದಾದರೂ ಹೇಗೆ?

ಶೋಷಣೆ ಎಂಬ ಪದವನ್ನು ಎಲ್ಲ ಕಡಿಮೆ ಸಂಬಳಕ್ಕೂ ಅಂಟಿಸಿದರೆ ನಿಜವಾದ ಶೋಷಣೆಗೆ ಪದ ಉಳಿಯುವುದಿಲ್ಲ ಎಂಬುದು ಮುಂದಿನ ವಾದ. ಕೋಲಾರದ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ದಾಂಧಲೆ ನಡೆಯಿತು. ಎಂಜಿನಿಯರಿಂಗ್ ಓದಿದವರಿಗೆ 21,000 ರೂಪಾಯಿ ಎಂದು ಹೇಳಿ ಕೈಗಿತ್ತದ್ದು 16,000, ಆಮೇಲೆ ಅದೂ ಇಳಿಯಿತು ಎಂಬುದು ಕಾರ್ಮಿಕರ ದೂರು. ಕೆಲವರಿಗೆ ಸರಿಯಾಗಿ ವೇತನ ಪಾವತಿಯಾಗಿಲ್ಲ ಎಂದು ಕಂಪನಿಯೇ ಒಪ್ಪಿಕೊಂಡಿತು. 2023ರ ಫೆಬ್ರುವರಿಯಲ್ಲಿ ವಿಪ್ರೊ, ವರ್ಷಕ್ಕೆ 6.5 ಲಕ್ಷ ಎಂದು ಮಾತು ಕೊಟ್ಟಿದ್ದ ಹೊಸಬರನ್ನು 3.5 ಲಕ್ಷಕ್ಕೆ ಬರುತ್ತೀರಾ ಎಂದು ಕೇಳಿತು. ಅಲ್ಲಿ ಆಡಿದ ಮಾತು ಮುರಿದಿತ್ತು. ಅತಿಥಿ ಉಪನ್ಯಾಸಕರಿಗೆ ಯಾರೂ ಮಾತು ಕೊಟ್ಟು ತಪ್ಪಿಲ್ಲ. ದರ, ಗಂಟೆ, ಅವಧಿ ಎಲ್ಲವೂ ಅಧಿಸೂಚನೆಯಲ್ಲೇ ಇದೆ. 1982ರ ತೀರ್ಪು ಕನಿಷ್ಠ ವೇತನಕ್ಕಿಂತ ಕೆಳಗೆ ದುಡಿಸುವುದರ ಬಗ್ಗೆ. ಗೌರವಧನ ಆ ಗೆರೆಗಿಂತ ಮೇಲಿದೆ.

ಮೂರನೆಯದು ಹಣದ ಮಾತು, ವಿರೋಧ ಪಕ್ಷದ ಅತ್ಯಂತ ಗಟ್ಟಿ ವಾದವೂ ಅದೇ. 2022ರಲ್ಲಿ ಗೌರವಧನದ ಜೊತೆ ಗಂಟೆಗಳೂ ಏರಿದಾಗ ಇಬ್ಬರ ಕೆಲಸ ಒಬ್ಬರ ಪಾಲಾಯಿತು. ಹೆಚ್ಚು ಹಣ ಸಿಕ್ಕವರ ಪಕ್ಕದಲ್ಲೇ ಕಾರ್ಯಭಾರವಿಲ್ಲದೆ ಮನೆಗೆ ನಡೆದವರಿದ್ದರು. ಎಲ್ಲರಿಗೂ 57,700 ಕೊಡಿ ಎಂದರೆ ಬಜೆಟ್ ಎಲ್ಲಿಂದ ಬರಬೇಕು? ಹೊಸ ವಿಶ್ವವಿದ್ಯಾಲಯಗಳನ್ನೇ ಸಾಕಲಾಗದೆ, 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತನ್ನು ಮುಚ್ಚಲು ಶಿಫಾರಸು ಮಾಡಿತು. 2023ರಲ್ಲಷ್ಟೇ ಹುಟ್ಟಿದ ಹಾಸನ ವಿಶ್ವವಿದ್ಯಾಲಯದ ಹೆಸರೂ ಆ ಪಟ್ಟಿಯಲ್ಲಿತ್ತು. ಖರ್ಚು ಏರಿ ತಾಲ್ಲೂಕಿನ ಕಾಲೇಜಿನಲ್ಲಿ ಒಂದು ವಿಭಾಗ ಮುಚ್ಚಿದರೆ ಪೆಟ್ಟು ಬೀಳುವುದು ಬಸ್ ಪಾಸಿನಲ್ಲಿ ಹಳ್ಳಿಯಿಂದ ಬಂದು ಓದುವ ಹುಡುಗಿಗೆ.

ಕೊನೆಯದು ಸಂವಿಧಾನದ ಮಾತು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಶುರುವಾದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ 2006ರ ಏಪ್ರಿಲ್ 10ರಂದು ತೀರ್ಪು ಕೊಟ್ಟಿತು. ಸರಿಯಾದ ನೇಮಕಾತಿ ಇಲ್ಲದೆ ಒಳಬಂದವರು ಎಷ್ಟು ವರ್ಷ ದುಡಿದರೂ ಕಾಯಂ ಆಗುವ ಹಕ್ಕು ಪಡೆಯುವುದಿಲ್ಲ. ಹಾಗೆ ಮಾಡಿದರೆ ಹೊರಗೆ ಸಾಲಿನಲ್ಲಿ ನಿಂತವರ ಸಮಾನ ಅವಕಾಶ ಕಸಿದಂತೆ ಎಂದಿತು. 2022ರ ಮಾರ್ಚ್‌ನಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಬರೆದು ಗೆದ್ದವರು ಒಳಗೆ ಬಂದರು. ಬರೆಯದವರನ್ನೂ ಬರೆದು ಸೋತವರನ್ನೂ ಸೇವೆಯ ಹೆಸರಿನಲ್ಲಿ ಅದೇ ಕುರ್ಚಿಯಲ್ಲಿ ಕೂರಿಸುವುದು ಯಾವ ನ್ಯಾಯ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ.

ತೂಗಿ ನೋಡಿದರೆ

ಆಲೂಗಡ್ಡೆಯ ಹೋಲಿಕೆ ಕೇಳಲು ಚೆಂದ, ಆದರೆ ಕುಂಟುತ್ತದೆ. ಗಡ್ಡೆಯನ್ನು ಶೀತಲಗೃಹದಲ್ಲಿಟ್ಟು ಎರಡು ತಿಂಗಳು ಕಾಯಬಹುದು. ದುಡಿಯದ ತಿಂಗಳನ್ನು ಎಲ್ಲಿಯೂ ಇಡಲಾಗದು. ಮಾರುಕಟ್ಟೆಯಲ್ಲಿ ವರ್ತಕರು ಹಲವರು. ಇಲ್ಲಿ ಸರ್ಕಾರ ಒಬ್ಬನೇ ವರ್ತಕ, ಎಷ್ಟು ಮೂಟೆ ಬೇಕೆಂದು ನಿರ್ಧರಿಸುವವನೂ ಅವನೇ. ಮಂಜೂರಾದ ಹುದ್ದೆಗಳನ್ನು ವರ್ಷಗಟ್ಟಲೆ ಖಾಲಿ ಬಿಟ್ಟು, ಆ ಖಾಲಿತನದಿಂದ ಬಿದ್ದ ದರವನ್ನೇ ಮಾರುಕಟ್ಟೆ ದರ ಎನ್ನುವುದು ಲೆಕ್ಕಕ್ಕೂ ಹೊಂದದು, ನ್ಯಾಯಕ್ಕೂ ಹೊಂದದು. ಖಾಸಗಿ ಮಾಲೀಕ ನಿರುದ್ಯೋಗದ ಲಾಭ ಪಡೆಯುತ್ತಾನೆ ನಿಜ, ಆದರೆ ಅದನ್ನು ಅವನು ಹುಟ್ಟಿಸಿರುವುದಿಲ್ಲ. ಸರ್ಕಾರ ಎರಡನ್ನೂ ಮಾಡುತ್ತಿದೆ. ಈ ಒಂದು ಕಾರಣಕ್ಕೆ ತಕ್ಕಡಿ ಪರ ಪಕ್ಷದ ಕಡೆಗೆ ವಾಲುತ್ತದೆ.

ಹಾಗೆಂದು ವಿರೋಧ ಪಕ್ಷದ ಸಂವಿಧಾನದ ಮಾತು ಬಿದ್ದುಹೋಗುವುದಿಲ್ಲ. ಕಾಯಮಾತಿಯ ಬೇಡಿಕೆ ಬೇರೆ, ದುಡಿಮೆಗೆ ತಕ್ಕ ಹಣದ ಬೇಡಿಕೆ ಬೇರೆ. ಮುಷ್ಕರದ ಪೆಂಡಾಲಿನಲ್ಲಿ ಎರಡೂ ಒಂದೇ ಘೋಷಣೆಯಾಗಿ ಕೇಳುವುದರಿಂದ ಮೊದಲನೆಯದನ್ನು ತಳ್ಳಿಹಾಕುವಾಗ ಎರಡನೆಯದೂ ಜೊತೆಗೆ ಹೋಗುತ್ತದೆ. ಗುಜರಾತಿನ ಆದೇಶದಲ್ಲಿ ಸಿಕ್ಕಿದ್ದು ಎರಡನೆಯದು.

ಉಮಾದೇವಿ ತೀರ್ಪನ್ನೂ ಪೂರ್ತಿ ಓದಬೇಕು. ತಾತ್ಕಾಲಿಕ ನೌಕರ ಕಣ್ಣು ತೆರೆದೇ ಕೆಲಸ ಒಪ್ಪಿರುತ್ತಾನೆ ಎಂದ ಅದೇ ಪೀಠ, ಅವನು ಸರಿಸಮನಾಗಿ ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರದಿರಬಹುದು ಎಂದೂ ಒಪ್ಪಿಕೊಂಡಿದೆ. ಕಾಯಂ ಮಾಡಲಾಗದು ಎನ್ನುವಾಗಲೆಲ್ಲ ಸರ್ಕಾರಗಳು ಈ ತೀರ್ಪನ್ನು ಮುಂದೆ ಹಿಡಿಯುತ್ತವೆ. ತಾತ್ಕಾಲಿಕ ನೌಕರರಿಂದ ನಡೆಸುತ್ತಿರುವ ಮಂಜೂರಾದ ಖಾಲಿ ಹುದ್ದೆಗಳಿಗೆ ಕ್ರಮಬದ್ಧ ನೇಮಕಾತಿ ಮಾಡಬೇಕು ಎಂಬ ಸೂಚನೆಯೂ ಅದೇ ತೀರ್ಪಿನ 53ನೇ ಕಂಡಿಕೆಯಲ್ಲಿದೆ.