ಕೊಯ್ಯದೆ ಒಳಗು ಕಾಣುವ ಬಗೆ

ಜಲನಗರದ ಹುಡುಗನೊಬ್ಬ ಗೋಲಗುಮ್ಮಟವನ್ನು ಹೊರಗಿನಿಂದ ನೋಡಿದರೆ ಗುಮ್ಮಟದ ಬೆನ್ನು ಕಾಣುತ್ತದೆ. ಒಳಹೊಕ್ಕರೆ ಹೊಟ್ಟೆ ಕಾಣುತ್ತದೆ. ಆದರೆ ಅದು ಎಷ್ಟು ದಪ್ಪ ಎಂಬುದು ಎರಡೂ ಕಡೆಯಿಂದ ತಿಳಿಯದು. ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟವನ್ನು ಇಂಡಿಯ ನಿಂಬೆಹಣ್ಣಿನಂತೆ ಹೋಳು ಮಾಡಲಾದೀತೇ? ಅದಕ್ಕೇ ಎಂಜಿನಿಯರರು ಕಟ್ಟಡವನ್ನು ನಟ್ಟನಡುವೆ ಸೀಳಿದಂತೆ ಕಾಗದದ ಮೇಲೆ ಛೇದಚಿತ್ರ ಬರೆಯುತ್ತಾರೆ. ಕಂಪ್ಯೂಟರಿನಲ್ಲಿ ಇದೇ ಕೆಲಸ ಮಾಡುವುದು ‘ಕ್ಲಿಪ್ಪಿಂಗ್ ಪ್ಲೇನ್’, ಅಂದರೆ ಕತ್ತರಿಸುವ ಸಮತಲ.

ಇದು ತುಂಬ ಉಪಯೋಗಕ್ಕೆ ಬರುವ ಜಾಗಗಳಲ್ಲಿ ಆಸ್ಪತ್ರೆಯೂ ಒಂದು. 1971ರಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಸ್ಕ್ಯಾನರ್ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಚಿತ್ರ ತೆಗೆಯಿತು. ಸ್ಕ್ಯಾನರ್ ಕೊಡುವ ಪದರಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿದರೆ ಪುಟ್ಟ ಘನಗಳ ರಾಶಿಯಾಗುತ್ತದೆ. ಒಂದೊಂದು ಘನದ ಹೆಸರು ‘ವಾಕ್ಸೆಲ್’. ಉದ್ದ, ಅಗಲ, ಎತ್ತರಗಳಲ್ಲಿ ತಲಾ 512 ಇದ್ದರೆ ಒಟ್ಟು 13 ಕೋಟಿ 42 ಲಕ್ಷಕ್ಕೂ ಹೆಚ್ಚು! ಇವಕ್ಕೆ ಬಣ್ಣ, ಪಾರದರ್ಶಕತೆ ಕೊಟ್ಟು, ಕಣ್ಣಿನಿಂದ ಹೊರಟ ಗೆರೆಗಳ ಉದ್ದಕ್ಕೂ ಕೂಡಿಸುತ್ತ ಹೋಗಿ ಚಿತ್ರ ಕಟ್ಟುವುದೇ ವಾಲ್ಯೂಮ್ ರೆಂಡರಿಂಗ್. ಆದರೆ ತಲೆಬುರುಡೆ ಅಡ್ಡವಿದ್ದರೆ ಮಿದುಳು ಕಾಣುವುದೆಂತು?

ಇಲ್ಲಿ ನೆರವಿಗೆ ಬರುವುದು ಗಣಿತದ ಸಮತಲ ಸಮೀಕರಣ. ಎಕ್ಸ್ + ವೈ − 4 = 0 ಎಂಬ ಸಮತಲವನ್ನು ತೆಗೆದುಕೊಳ್ಳಿ. ಎಡಬದಿಯಲ್ಲಿ (3, 2, 1) ಬಿಂದುವನ್ನು ಹಾಕಿದರೆ 3 + 2 − 4 = 1. ಉತ್ತರ ಧನ, ಬಿಂದು ಉಳಿಯುತ್ತದೆ. (1, 2, 5) ಹಾಕಿದರೆ −1. ಉತ್ತರ ಋಣ, ಬಿಂದುವನ್ನು ಚಿತ್ರಕ್ಕೆ ಸೇರಿಸುವುದಿಲ್ಲ. ಕೋಟಿಗಟ್ಟಲೆ ಬಿಂದುಗಳನ್ನು ಹೀಗೆ ಒಂದೊಂದಾಗಿ ಪರೀಕ್ಷಿಸಬೇಕೆಂದೂ ಇಲ್ಲ. ಕಡಿದ ಭಾಗ ಕಣ್ಣಿನ ಕಡೆಗಿದ್ದರೆ, ಗೆರೆಯು ಸಮತಲವನ್ನು ಸಂಧಿಸುವ ಜಾಗವನ್ನು ಒಮ್ಮೆ ಲೆಕ್ಕ ಹಾಕಿ, ಅಲ್ಲಿಂದ ಕೂಡಿಸಲು ತೊಡಗಿದರೆ ಸಾಕು.

ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಅಜಯ್ ಲಿಮಯೆ ಅವರು ರೂಪಿಸಿದ ಇಂಥ ತಂತ್ರಾಂಶದ ಹೆಸರೇ ‘ದೃಷ್ಟಿ’. ಉಚಿತವಾಗಿ ಸಿಗುವ ಇದರಲ್ಲಿ ಸಮತಲವನ್ನು ಬೇಕಾದಂತೆ ಓರೆಮಾಡಿ, ಸರಿಸಿ ನೋಡಬಹುದು.

ಒಂದು ಎಚ್ಚರಿಕೆ ಅಗತ್ಯ. ಕಡಿದ ಭಾಗ ಅಳಿಸಿಹೋಗುವುದಿಲ್ಲ, ಮರೆಯಾಗುತ್ತದೆ ಅಷ್ಟೆ. ಗೆಡ್ಡೆ ಆ ಮರೆಯಲ್ಲೇ ಇದ್ದರೆ ಚಿತ್ರ ಎಷ್ಟು ಚೆಂದವಿದ್ದರೂ ರೋಗ ಕಾಣದು. ಆದ್ದರಿಂದ ಸಮತಲವನ್ನು ಹಲವು ಕಡೆಯಿಂದ ಸರಿಸಿ ನೋಡಿಯೇ ತೀರ್ಮಾನಕ್ಕೆ ಬರಬೇಕು. ಧನ, ಋಣ ಚಿಹ್ನೆ ತಪ್ಪಿದರೆ ಪರೀಕ್ಷೆಯಲ್ಲಿ ಒಂದು ಅಂಕ ಹೋಗುತ್ತದೆ. ಇಲ್ಲಿ ಕಾಣಬೇಕಾದ ಭಾಗವೇ ಮಾಯವಾಗುತ್ತದೆ.