ಅಚಲೆಯೆಂಬ ಹೆಸರು, ಚಲಿಸುವ ನೆಲ

ಅಮರಕೋಶವು ಭೂಮಿಯ ಹೆಸರುಗಳನ್ನು ಎಣಿಸುವಾಗ ‘ಅಚಲಾ’, ‘ಸ್ಥಿರಾ’ ಎಂಬ ಎರಡನ್ನೂ ಸೇರಿಸಿದೆ. ಕಾಲಡಿಯ ನೆಲ ಕದಲದೆಂಬ ನಂಬಿಕೆ ಮಾನವನಿಗೆ ಅಷ್ಟು ಪುರಾತನವಾದುದು. ಆ ನಂಬಿಕೆ ನಿಜವಲ್ಲವೆಂದು ವಿಜ್ಞಾನವು ಅರ್ಧ ಶತಮಾನಕ್ಕೂ ಹಿಂದೆಯೇ ತೋರಿಸಿಕೊಟ್ಟಿದೆ. ಆದರೆ ತರಗತಿಯಲ್ಲಿ ಕಲಿತ ಈ ಸತ್ಯವು ಮನೆಯ ಗೋಡೆಯವರೆಗೆ ನಡೆದು ಬಂದಿಲ್ಲವೆಂಬುದು ವಿಷಾದದ ಸಂಗತಿ.

ಭೂಮಿಯ ಮೇಲ್ಮೈಯಿಂದ ಕೇಂದ್ರಕ್ಕೆ ಸುಮಾರು 6,370 ಕಿಲೋಮೀಟರ್ ದೂರ. ಹೊರಗಣ ಭೂಕವಚವು ಖಂಡಗಳಲ್ಲಿ ಸರಾಸರಿ 35 ಕಿಲೋಮೀಟರ್, ಸಾಗರಗಳ ತಳದಲ್ಲಿ ಆರೇಳು ಕಿಲೋಮೀಟರ್ ಮಾತ್ರ ದಪ್ಪವಾಗಿದೆ. ಅದರ ಕೆಳಗೆ ಸುಮಾರು 2,900 ಕಿಲೋಮೀಟರ್ ಆಳದವರೆಗೆ ಮ್ಯಾಂಟಲ್. ಬಳಿಕ ಕರಗಿದ ಕಬ್ಬಿಣವೇ ಪ್ರಧಾನವಾದ ಹೊರ ಕೇಂದ್ರಗೋಳ. ನಟ್ಟನಡುವೆ ಘನರೂಪದ ಒಳ ಕೇಂದ್ರಗೋಳ. ಮ್ಯಾಂಟಲ್ ಬಂಡೆಯೇ ಆದರೂ ಅಪಾರವಾದ ಶಾಖ ಮತ್ತು ಒತ್ತಡಗಳಿಂದಾಗಿ ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಮೆಲ್ಲಮೆಲ್ಲನೆ ಹರಿಯಬಲ್ಲದು. ಭೂಕವಚ ಹಾಗೂ ಮ್ಯಾಂಟಲಿನ ಗಡುಸಾದ ಮೇಲ್ಭಾಗ ಕೂಡಿ ಆದ ಫಲಕಗಳು ಅದರ ಮೇಲೆ ಸರಿಯುತ್ತಿವೆ.

ಖಂಡಗಳು ಚಲಿಸುತ್ತವೆಂದು 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಾರಿದಾಗ ಹೆಚ್ಚಿನ ಪಂಡಿತರು ಒಪ್ಪಲಿಲ್ಲ. 1930ರಲ್ಲಿ ಅವರು ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಮಡಿದರು. 1960ರ ದಶಕದಲ್ಲಿ, ಸಾಗರದ ನಡುವಣ ಏಣುಗಳಲ್ಲಿ ಹೊಸ ನೆಲ ಹುಟ್ಟಿ ಇಬ್ಬದಿಗೂ ಸರಿಯುತ್ತಿರುವುದು ಸಿದ್ಧವಾದ ಮೇಲೆ ಅವರ ಮಾತಿಗೆ ಬೆಲೆ ಬಂದಿತು. ಪ್ರಾಜ್ಞರೂ ತಪ್ಪಬಲ್ಲರು, ಪ್ರಮಾಣ ದೊರೆತಾಗ ತಿದ್ದಿಕೊಳ್ಳಬಲ್ಲರು ಎಂಬುದಕ್ಕೆ ಇದೊಂದು ನಿದರ್ಶನ.

ಭಾರತದ ಫಲಕವು ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾ ಖಂಡಕ್ಕೆ ಡಿಕ್ಕಿ ಹೊಡೆದುದರಿಂದ ಹಿಮಾಲಯ ಎದ್ದು ನಿಂತಿತು. ಸಮುದ್ರಜೀವಿಗಳ ಪಳೆಯುಳಿಕೆಗಳು ಅಲ್ಲಿನ ಎತ್ತರದ ಬಂಡೆಗಳಲ್ಲಿ ದೊರೆಯುವುದು ಇದರಿಂದಲೇ. ಆ ನಡೆ ಇನ್ನೂ ನಿಂತಿಲ್ಲ. ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ನೆಲ ಈಶಾನ್ಯದತ್ತ ಸಾಗಿದೆ. ಒಂದನೆಯ ತರಗತಿಗೆ ಸೇರಿದ ಬಾಲಕನು ಹತ್ತನೆಯದನ್ನು ಮುಗಿಸುವಷ್ಟರಲ್ಲಿ, ತನ್ನ ಶಾಲೆಯ ಸಮೇತ, ಅರ್ಧ ಮೀಟರಿನಷ್ಟು ಸರಿದಿರುತ್ತಾನೆ. ಸ್ಥಾವರವೆಂದು ತಿಳಿದ ನೆಲವೇ ಜಂಗಮವಾಗಿದೆ.

ಇಷ್ಟನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಭೂಕಂಪವೆಂದರೆ ಹಿಮಾಲಯದವರ ಕಷ್ಟ, ದಖ್ಖನಿನ ಗಟ್ಟಿ ಕಲ್ಲಿನ ನೆಲಕ್ಕೆ ಅದರ ಭಯವಿಲ್ಲ ಎಂಬ ಭಾವನೆ ಬಹುಕಾಲ ಬೇರೂರಿತ್ತು. 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ ನೆಲ ನಡುಗಿ ಸುಮಾರು 180 ಜನ ಮಡಿದರೂ, ಅಣೆಕಟ್ಟಿನ ಹಿಂದೆ ನಿಂತ ನೀರೇ ಅದಕ್ಕೆ ಕಾರಣವೆಂಬ ವಿವರಣೆಯಿಂದ ಉಳಿದ ಊರುಗಳು ಸಮಾಧಾನಪಟ್ಟುಕೊಂಡವು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಸುತ್ತಲಿನ ಗ್ರಾಮಗಳು ನೆಲಸಮವಾದಾಗ ಆ ಸಮಾಧಾನವೂ ಉಳಿಯಲಿಲ್ಲ. ಹತ್ತು ಸಾವಿರದಷ್ಟು ಜನ ನಿದ್ರೆಯಲ್ಲಿದ್ದಂತೆಯೇ ಹೋದರು. ಆ ಪ್ರದೇಶವು ಅಂದಿನ ಭೂಕಂಪ ನಕ್ಷೆಯಲ್ಲಿ ಅತ್ಯಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ತೆಗೆದುಹಾಕಲಾಯಿತು. ಫಲಕದ ಉತ್ತರದ ಅಂಚಿನಲ್ಲಿ ಉಂಟಾದ ಒತ್ತಡವು ಅದರ ಒಡಲಿಗೂ ಹಬ್ಬುತ್ತದೆ. ಅಲ್ಲಿರುವ ಹಳೆಯ ಬಿರುಕುಗಳು ಎಂದೋ ಒಮ್ಮೆ ಜಾರುತ್ತವೆ.

ಕಿಲ್ಲಾರಿಯ ಕಂಪನವು ಹಿಮಾಲಯದ ಮಹಾಕಂಪಗಳಿಗೆ ಹೋಲಿಸಿದರೆ ಚಿಕ್ಕದು. ಅಷ್ಟೊಂದು ಸಾವಿಗೆ ಕಾರಣವಾದುದು ಮನೆಗಳು. ದಪ್ಪ ಕಲ್ಲುಗೋಡೆಗಳನ್ನು ಬರಿಯ ಮಣ್ಣಿನ ಕೆಸರಿನಲ್ಲಿ ಕಟ್ಟಲಾಗಿತ್ತು. ಮಳೆ ಸೋರದಂತೆ ಮೇಲಿಂದ ಮೇಲೆ ಮಣ್ಣು ಹಾಕುತ್ತ ಬಂದ ಮಾಳಿಗೆ ಭಾರವಾಗಿತ್ತು. ಹುಲ್ಲು ಹೊದಿಸಿದ ಹಗುರ ಗುಡಿಸಲುಗಳು ಬಹುಮಟ್ಟಿಗೆ ಉಳಿದವು. ಸ್ಥಿತಿವಂತಿಕೆಯ ಗುರುತಾಗಿದ್ದ ಗೋಡೆಯೇ ಒಡೆಯನ ಮೇಲೆ ಬಿದ್ದಿತು. ಇದನ್ನು ದೈವದ ಕೋಪವೆಂದು ಹೇಳುವುದು ದೈವಕ್ಕೆ ಮಾಡುವ ಅನ್ಯಾಯ, ವಿವೇಕಕ್ಕೆ ಮಾಡುವ ವಂಚನೆ.

ಬೀದರ, ಕಲಬುರಗಿ, ವಿಜಯಪುರಗಳ ಕಡೆಯ ಹಳ್ಳಿಗಳಲ್ಲಿ ಅದೇ ಬಗೆಯ ಮನೆಗಳು ಅದೇ ಕರಿಯ ಕಲ್ಲಿನ ನೆಲದ ಮೇಲೆ ನಿಂತಿವೆ. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದುವ ಮಕ್ಕಳಲ್ಲಿ ಎಷ್ಟೋ ಜನ ರಜೆಯಲ್ಲಿ ಮರಳುವುದು ಅಂಥ ಮಾಳಿಗೆಗಳ ಕೆಳಗೇ. ಅವರಿಗೆ ಫಲಕಗಳ ಹೆಸರನ್ನು ಕಂಠಪಾಠ ಮಾಡಿಸಿ ಅಂಕ ಕೊಟ್ಟರೆ ಸಾಲದು. ಗೋಡೆಯ ಒಳಮೈಯಿಂದ ಹೊರಮೈಗೆ ಹಾಯುವ ಉದ್ದಗಲ್ಲುಗಳನ್ನು ಇಡಬೇಕು, ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಕಾಂಕ್ರೀಟಿನ ಪಟ್ಟಿ ಕಟ್ಟಬೇಕು, ಮಾಳಿಗೆಯ ಮಣ್ಣಿನ ಭಾರ ಇಳಿಸಬೇಕು ಎಂಬುದೂ ಅದೇ ಪಾಠದ ಭಾಗವಾಗಬೇಕು. ಪ್ರಸಾದನಿಲಯವನ್ನೋ ಶಾಲೆಯ ಕೊಠಡಿಯನ್ನೋ ಕಟ್ಟಿಸುವ ಸಂಸ್ಥೆಗಳು ಮೊದಲು ತಾವೇ ಇದನ್ನು ಪಾಲಿಸಿ ಮೇಲ್ಪಂಕ್ತಿ ಹಾಕಬೇಕು.

ಇದಕ್ಕೆ ಹಣವೆಲ್ಲಿಂದ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಹೊಸ ಗೋಡೆ ಏಳುವಾಗಲೇ ಪಟ್ಟಿ ಕಟ್ಟಿಸುವ ಖರ್ಚು ಇಡೀ ಮನೆಯ ಖರ್ಚಿನಲ್ಲಿ ಅಲ್ಪಾಂಶ. ಅರಿವು ಆಚಾರವಾಗಬೇಕೆಂಬುದು ಶರಣರು ಹಾಕಿಕೊಟ್ಟ ದಾರಿ. ನೆಲ ನಡೆಯುವುದನ್ನು ಯಾರೂ ತಡೆಯಲಾರರು. ಅದರ ನಡೆಯನ್ನು ಅರಿತು ಮನೆ ಕಟ್ಟುವುದು ಮನುಷ್ಯನ ಕೈಯಲ್ಲಿದೆ. ಭೂಗೋಳದ ಪಾಠವನ್ನು ಕೇಳಿ ಊರಿಗೆ ಹೋದ ವಿದ್ಯಾರ್ಥಿಯು ತಾನು ಮಲಗುವ ಕೋಣೆಯ ಗೋಡೆಯನ್ನು ಒಮ್ಮೆ ತಟ್ಟಿ ನೋಡಿ ಹಿರಿಯರೊಡನೆ ಆ ಕುರಿತು ಮಾತನಾಡಿದನೆಂದರೆ, ಆ ಪಾಠ ಸಾರ್ಥಕವಾದಂತೆ.